ಮುಡಿಗೂ ಅಲ್ಲ, ಗುಡಿಗೂ ಅಲ್ಲ

ಹೂವಿನ ಗಿಡವೆಂದರೆ ನಮ್ಮ ಕಡೆ ಹೆಂಗಸರಿಗೆ ಎರಡೇ ಲೆಕ್ಕ. ಒಂದು ದೇವರ ತಲೆಗೆ, ಇನ್ನೊಂದು ನಮ್ಮ ತಲೆಗೆ. ದಾಸವಾಳ, ಕಣಗಿಲೆ, ನಂದಿಬಟ್ಟಲು ಪೂಜೆಗಾದರೆ, ಮಲ್ಲಿಗೆ, ಸೇವಂತಿಗೆ ಎರಡಕ್ಕೂ ಆಗುತ್ತವೆ. ಈ ಲೆಕ್ಕಕ್ಕೆ ಸೇರದ ಗಿಡವೊಂದನ್ನು ನಾನು 6 ವರ್ಷಗಳಿಂದ ಹಾಸನದ ನಮ್ಮ ಮನೆಯಂಗಳದಲ್ಲಿ ಸಾಕಿಕೊಂಡು ಬಂದಿದ್ದೇನೆ. ಅದರ ವಿಚಾರವನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆನ್ನಿಸಿತು.

ಗಿಡದ ಹೆಸರು ಸಾಲ್ವಿಯಾ. "ಓ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ ಕೆಂಪಗೆ ಸಾಲಾಗಿ ಇರುತ್ತಲ್ಲ, ಅದು ತಾನೇ?" ಎನ್ನುತ್ತೀರೇನೋ. ಅಲ್ಲ, ಅದು ಬ್ರೆಜಿಲ್ ದೇಶದ್ದು. ಒಂದು ಹಂಗಾಮು ಹೂಬಿಟ್ಟ ಮೇಲೆ ನಾವು ಕಿತ್ತು ಹಾಕುತ್ತೇವೆ. ನನ್ನದು ಮೆಕ್ಸಿಕೋ ಕಡೆಯ ಪೊದೆ ಸಾಲ್ವಿಯಾ. ಮೂರು ನಾಲ್ಕು ಅಡಿ ಎತ್ತರ, ಅಷ್ಟೇ ಅಗಲ ಹರಡಿಕೊಂಡು ವರ್ಷಾನುವರ್ಷ ಬಾಳುತ್ತದೆ. ಎಲೆ ಬೂದು ಬೆರೆತ ಹಸಿರು, ಅಡಿಭಾಗದಲ್ಲಿ ಬಿಳಿ ನವಿರು. ಕೊಂಬೆಯ ತುದಿಯಲ್ಲಿ ಮಖಮಲ್ಲಿನಂಥ ನೇರಳೆ ತೆನೆ! ಆದರೆ ನಾವು ನೋಡುವ ನೇರಳೆ ನಿಜವಾಗಿ ಹೂವಲ್ಲ, ಹೂವನ್ನು ಹಿಡಿದಿರುವ ಪುಷ್ಪಪಾತ್ರೆ. ಅದರೊಳಗಿಂದ ಇಣುಕುವ ಪುಟ್ಟ ಬಿಳಿಯದೇ ಹೂವು. 1791ರಲ್ಲಿ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು 'ಲ್ಯೂಕಾಂತ', ಎಂದರೆ 'ಬಿಳಿ ಹೂವಿನದು'.

ನಮ್ಮ ಅತ್ತೆಯವರಿಗೆ ಮೊದಲಿನಿಂದಲೂ ಇದರ ಮೇಲೆ ಅಸಮಾಧಾನ. "ಅಲ್ಲ ಕಣೇ, ಮುಡಿಯೋಕಾಗಲ್ಲ, ದೇವರಿಗೆ ಏರಿಸೋಕಾಗಲ್ಲ, ಸಾರಿಗೂ ಹಾಕೋಕಾಗಲ್ಲ. ಆ ಜಾಗದಲ್ಲಿ ಒಂದು ಕರಿಬೇವು ಇಟ್ಟಿದ್ರೆ ಆಗ್ತಿರಲಿಲ್ವೇ?" ಅವರ ಮಾತಿನಲ್ಲೂ ನ್ಯಾಯವಿದೆ. ಅಂಗೈಯಗಲ ಜಾಗದಲ್ಲಿ ಸಂಸಾರ ಮಾಡಿದವರು ಅವರು. ನಾನು ವಾದಕ್ಕೆ ಹೋಗದೆ, ತುಳಸಿಯ ಒಂದು ಕಡ್ಡಿ, ಸಾಲ್ವಿಯಾದ ಒಂದು ಕಡ್ಡಿ ಅವರ ಕೈಯಲ್ಲಿಟ್ಟೆ. ನೀವೂ ಬೆರಳಿನಲ್ಲಿ ತಿರುಗಿಸಿ ನೋಡಿ. ಎರಡರ ಕಾಂಡವೂ ಚೌಕ. ಎಲೆಗಳು ಎದುರು ಬದುರು. ಹೂವಿಗೆ ಎರಡು ತುಟಿ. ತುಳಸಿ, ಪುದೀನ, ದೊಡ್ಡಪತ್ರೆ, ಸಾಲ್ವಿಯಾ ಎಲ್ಲವೂ ಒಂದೇ ಕುಟುಂಬದವು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿ, "ತುಳಸಮ್ಮನ ದಾಯಾದಿ ಅಂದ್ಮೇಲೆ ಇರ್ಲಿ ಬಿಡು" ಎಂದರು!

ಇನ್ನು ಬೆಳೆಸುವ ಕ್ರಮ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನಾನು ಎರಡು ಬಾಂಡ್ಲಿ ಕೆಂಪು ಮಣ್ಣಿಗೆ ಒಂದು ಬಾಂಡ್ಲಿ ಮರಳು, ಅರ್ಧ ಬಾಂಡ್ಲಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸುತ್ತೇನೆ. ಗೊಬ್ಬರ ಹೆಚ್ಚಾದರೆ ಎಲೆಯೇ ತುಂಬಿಕೊಂಡು ಕೊಂಬೆ ನೆಲಕ್ಕೆ ಬೀಳುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ, ಮಳೆಗಾಲಕ್ಕೆ ಮೊದಲೇ ಬುಡಕ್ಕೆ ಮಣ್ಣು ಏರಿಸಿಬಿಡಿ. ಬೇರೂರಿದ ಮೇಲೆ ಬೇಸಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಸಾಕು.

ಜೂನ್, ಜುಲೈನಲ್ಲಿ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಆಗಸ್ಟ್ ಕಳೆದ ಮೇಲೆ ಚಿವುಟಬೇಡಿ. ಹಗಲು ಚಿಕ್ಕದಾಗುತ್ತ ಬಂದಂತೆ ಮೊಗ್ಗು ಕಟ್ಟುವ ಗಿಡ ಇದು. ದಸರಾ, ದೀಪಾವಳಿ ಹೊತ್ತಿಗೆ ತೆನೆ ಹೊರಡುತ್ತದೆ. ಹೂವೆಲ್ಲ ಮುಗಿದ ಮೇಲೆ ನೆಲದಿಂದ ಒಂದಡಿ ಬಿಟ್ಟು ಕತ್ತರಿಸಿ. ಬುಡದಿಂದ ಹೊಸ ಚಿಗುರು ಬರುತ್ತದೆ. ಅರಳಿದ ತೆನೆಗಳನ್ನು ಕತ್ತರಿಸಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದರೆ ಬಣ್ಣ ಬಹುಕಾಲ ಉಳಿಯುತ್ತದೆ. ಒಂದು ಎಚ್ಚರಿಕೆ: ವಿದೇಶದವರು ಅಡಿಗೆಗೆ ಹಾಕುವ ಸೇಜ್ ಸೊಪ್ಪು ಇದೇ ಜಾತಿಯ ಬೇರೊಂದು ಗಿಡ. ಇದನ್ನು ಕಷಾಯಕ್ಕೆ ಹಾಕಲು ಹೋಗಬೇಡಿ.

ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿ ನಾನು ಮೆಟ್ಟಿಲ ಮೇಲೆ ಕೂರುವ ಹೊತ್ತಿಗೆ ಸೂರಕ್ಕಿ ಬರುತ್ತದೆ, ಜೇನುಹುಳುಗಳು ಬರುತ್ತವೆ. ಸಾಲ್ವಿಯಾ ಜಾತಿಯ ಹಲವು ಹೂಗಳಲ್ಲಿ ಒಂದು ಸೋಜಿಗವಿದೆ. ಜೇನುಹುಳು ಒಳಗೆ ತಲೆ ತೂರಿಸಿದಾಗ ಕೇಸರವು ಬಾವಿಯ ಏತದಂತೆ ಬಗ್ಗಿ, ಅದರ ಬೆನ್ನಿಗೆ ಪರಾಗ ಸವರುತ್ತದೆ. ಆ ಕಾಲು ಗಂಟೆ ನನ್ನನ್ನು ಯಾರೂ "ಅದೆಲ್ಲಿ, ಇದೆಲ್ಲಿ" ಎಂದು ಕೇಳುವುದಿಲ್ಲ.

ಹೀಗಿರುವಾಗ ಹೋದ ವರ್ಷ ನಮ್ಮ ಯಜಮಾನರು ಹಳೆಯದೊಂದು ಕಾರು ಕೊಂಡರು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋದದ್ದೂ ಆಯಿತು. ಅಂದು ರಾತ್ರಿ ಊಟ ಬಡಿಸುತ್ತ ಹೇಳಿದೆ: "ನೋಡಿ, ಕಾಂಪೌಂಡ್ ಪಕ್ಕ 3 ಅಡಿ ಮಣ್ಣು ಹಾಗೇ ಬಿಡ್ಸಿ. ಕಾರಿನ ಬಾಗಿಲು ತೆಗೆಯೋಕೆ ಜಾಗ ಉಳಿಯುತ್ತೆ, ನಾನು ಟೇಪ್ ಹಿಡಿದು ನೋಡಿದ್ದೀನಿ. ಮಳೆ ನೀರಿಗೂ ಇಂಗೋಕೆ ಒಂದು ಜಾಗ ಬೇಕಲ್ಲ." ಅವರು, "ಗಿಡ ಕುಂಡದಲ್ಲಿ ಇಟ್ಕೊಂಡ್ರಾಯ್ತಪ್ಪ" ಎಂದರು. "22 ವರ್ಷದಲ್ಲಿ ಗೋಡೆಗೆ ಯಾವ ಬಣ್ಣ ಅಂತ್ಲೂ ನಾನು ಕೇಳಲಿಲ್ಲ. ಇದೊಂದು ಕೇಳ್ತಿದ್ದೀನಿ" ಎಂದೆ. ದನಿ ಏರಿಸಲಿಲ್ಲ, ಅಳಲೂ ಇಲ್ಲ. ಅವರು ಮಾತಾಡದೆ ಮಜ್ಜಿಗೆ ಹಾಕಿಸಿಕೊಂಡರು. ಒಳಗಿನಿಂದ ಅತ್ತೆಯ ದನಿ ಬಂತು: "ಬಿಟ್ಟುಕೊಡೋ, ಅವಳೇನು ಒಡವೆ ಕೇಳಿದ್ಲೇ?"

3 ಅಡಿ ಕೇಳಿದ್ದೆ, ಎರಡೂವರೆ ಸಿಕ್ಕಿತು. ಹರಡುವ ಗಿಡಕ್ಕೆ ಅದು ಇಕ್ಕಟ್ಟೇ. ಗೋಡೆಗೆ ಮೊಳೆ ಹೊಡೆದು, ಹಳೆ ಸೀರೆಯ ಅಂಚಿನಿಂದ ಕೊಂಬೆಗಳನ್ನು ಸಡಿಲವಾಗಿ ಕಟ್ಟಿದ್ದೇನೆ. ಗಾಳಿಗೆ ಉದುರಿದ ಹೂವು ಕಾರಿನ ಮೇಲೆ ಬೀಳುತ್ತದೆ. ಅವರು ಗೊಣಗುತ್ತ ಒರೆಸುತ್ತಾರೆ. ಗಿಡ ತೆಗೆಸು ಎಂದು ಮಾತ್ರ ಇದುವರೆಗೂ ಹೇಳಿಲ್ಲ.

ನಿಮಗೂ ಬೆಳೆಸುವ ಮನಸ್ಸಾದರೆ ದುಡ್ಡು ಕೊಟ್ಟೇ ತರಬೇಕೆಂದಿಲ್ಲ. ಗಿಡವಿದ್ದವರ ಮನೆಯಿಂದ ಮಳೆಗಾಲದಲ್ಲಿ, ಇನ್ನೂ ಮೊಗ್ಗು ಕಾಣದ ಎಳೆಯ ತುದಿಗಳನ್ನು 4 ಅಂಗುಲ ಉದ್ದಕ್ಕೆ ಕೇಳಿ ತನ್ನಿ. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಮೂರು ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಎಲ್ಲವೂ ಹಿಡಿಯುವುದಿಲ್ಲ, ಒಂದು ಬೇಕಾದರೆ ನಾಲ್ಕು ಊರಿ. ನಾಲ್ಕೂ ಹಿಡಿದರೆ ಪಕ್ಕದ ಮನೆಯವರಿಗೆ ಕೊಡಿ.