ವಿಠ್ಠಲ ಮೇಲೆದ್ದ ವರ್ಷ

2023ರ ಜೂನ್. ಮಳೆ ಇನ್ನೂ ಮುಖ ತೋರಿಸಿರಲಿಲ್ಲ. ಹಿಡಕಲ್ ಜಲಾಶಯ ಬತ್ತಿ, ಅದರಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದಿದೆ ಎಂದು ಸುದ್ದಿ. ಕಾಕಾ ತನ್ನ ಟೆಂಪೋದ ಹಿಂದಿನ ಸೀಟು ಬಿಚ್ಚಿ ಜಮಖಾನೆ ಹಾಸಿದ. ಗ್ಯಾಸ್ ಒಲೆ, ನೀರಿನ ಕ್ಯಾನು, ರೊಟ್ಟಿಬುಟ್ಟಿ, ಕೊನೆಗೆ ಆಯಿ, ಎಲ್ಲ ಏರಿದವು. ಬಾಗಿಲು ತೆಗೆದರೆ ಅಡುಗೆಮನೆ, ಮುಚ್ಚಿದರೆ ಮಲಗುವ ಕೋಣೆ.

“ಫಾಲ್ಸ್ ನೋಡೂದು ಶ್ರಾವಣದಾಗಪಾ, ಈಗೇನ್ ಕಲ್ಲು ನೋಡಾಕ ಹೊಂಟೀರಿ?” ಎಂದು ಓಣಿಯವರು ನಕ್ಕರು. ಹೌದು, ಕಲ್ಲು ನೋಡಲಿಕ್ಕೇ: ಮೊದಲು ಫಾಲ್ಸ್, ಆಮೇಲೆ ಗುಡಿ.

ಮಳೆಗಾಲದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕಿ ಎಲ್ಲವನ್ನೂ ಮುಚ್ಚಿಬಿಡುತ್ತಾಳೆ. ಅವತ್ತು ತೆಳ್ಳಗೆ ಇಳಿಯುತ್ತಿದ್ದಳು. ಅದಕ್ಕೇ ಕೊಳ್ಳ ಪೂರ್ತಿ ಕಂಡಿತು: ಕುದುರೆ ಲಾಳದಂತೆ ಬಾಗಿದ ಗೋಡೆ, ಪದರದ ಮೇಲೆ ಪದರವಾಗಿ ಮರಳುಗಲ್ಲು, ಸಂದಿಯಲ್ಲಿ ಪಾರಿವಾಳ. ದಂಡೆಯಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ. ಅಲ್ಲೇ, ಇದೇ ನೀರಿನ ಬಲದ ಮೇಲೆ 1887ರಿಂದ ಓಡಿದ ನೂಲಿನ ಗಿರಣಿ. ಸಂಜೆ ಹಕ್ಕಿಗಳ ಬೀಡಾದ ಧೂಪದಾಳ. ಚಳಿಗಾಲಕ್ಕೆ ದೂರದೇಶದಿಂದ ಬರುವ ಕೊಕ್ಕರೆಗಳು ಯಾವಾಗಲೋ ಹೋಗಿದ್ದವು. ನೀರುಕಾಗೆಗಳಷ್ಟೇ ರೆಕ್ಕೆ ಹರವಿ ಕೂತಿದ್ದವು. ಅಲ್ಲೇ ಹತ್ತಿರ ಟೆಂಪೋ ನಿಲ್ಲಿಸಿ ಝುಣಕ, ರೊಟ್ಟಿ, ನಿದ್ದೆ.

ಮರುದಿನ ಹುನ್ನೂರಿನಲ್ಲಿ ಜಾತ್ರೆಯೇ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಬಿಟ್ಟಿಯಾಗಿದ್ದು ಅದೇ ತಿಂಗಳು, ಎಲ್ಲೆಲ್ಲಿಂದಲೋ ಬಂದಿದ್ದರು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಗುಡಿ ಮುಟ್ಟಿದೆವು. ಕಲ್ಲು ಒಂದೂ ಅಲುಗಾಡಿರಲಿಲ್ಲ. ಕಂಬದ ಬುಡದಲ್ಲಿ ಬೆರಳುಗುರಿನಷ್ಟು ಶಂಖದ ಚಿಪ್ಪುಗಳು ಅಂಟಿದ್ದವು. ಕಿತ್ತರೆ ಬಿಳಿ ಉಂಗುರದ ಗುರುತು ಉಳಿಯುತ್ತಿತ್ತು.

ಆಯಿಗೆ ಗುಡಿಗಿಂತ ಊರಿನ ಚಿಂತೆ. ಡ್ಯಾಮಿನಲ್ಲಿ ಮುಳುಗಿದ ಆ ಊರೇ ಅವಳ ತವರು. ಕೋಲೂರಿಕೊಂಡು ಬಯಲಿನಲ್ಲಿ ಓಡಾಡಿ, “ಇದು ನಮ್ಮ ಹಿತ್ತಲ, ಇಲ್ಲಿ ಬಾವಿ” ಎಂದಳು.

ಪಕ್ಕದಲ್ಲಿದ್ದ ಮುದುಕರೊಬ್ಬರು ತಡೆದರು. “ಏನ್ ಹೇಳ್ತೀಯವ್ವಾ, ಬಾವಿ ಆಕಡೆ. ಇದು ನಮ್ಮ ಕಣ.”

“ನಿಮ್ಮ ಕಣ ಹೊಳಿ ಕಡೆ ಇತ್ತು!”

ಅಳತೆ ಶುರುವಾಯಿತು. ಗುಡಿಯ ಬಾಗಿಲಿಂದ ಹೆಜ್ಜೆ ಎಣಿಸಿದರು. ಅವಳ ಹೆಜ್ಜೆಗೂ ಅವರ ಹೆಜ್ಜೆಗೂ ತಾಳೆಯಿಲ್ಲ. ಸುತ್ತ ಜನ ನೆರೆದು ಪಕ್ಷ ಕಟ್ಟಿದರು. ಕಾಕಾ ದೂರದಿಂದ ಹಾರ್ನ್ ಒತ್ತೇ ಒತ್ತಿದ. “ಸುಮ್ಮನಿರಪಾ,” ಎಂದಳು ಆಯಿ, “ಮೊದಲ ಬಾವಿ ಯಾವ ಕಡೆ ಅಂತ ತೀರ್ಮಾನ ಆಗ್ಲಿ.”