ಎತ್ತುವುದನ್ನು ಎತ್ತುವುದು

ಕೃಷ್ಣರಾಜನಗರದ ಸೀಮೆಯಲ್ಲಿರುವ ನಮ್ಮ ಮಿರ್ಲೆಯ ಬಯಲನ್ನು ಕಾರ್ತಿಕಮಾಸದಲ್ಲಿ ನೋಡಬೇಕು. ನಾಲೆಯ ನೀರುಂಡ ಗದ್ದೆಗಳು ಆಗ ತೆನೆಯ ಭಾರಕ್ಕೆ ಬಾಗಿ ನಿಂತಿರುತ್ತವೆ. ದಾರಿಯ ಎರಡು ಪಕ್ಕಕ್ಕೂ ಕಣ್ಣು ಹರಿಯುವಷ್ಟು ದೂರ ಹಸುರು. ಆ ಹಸುರಿನ ಕೆಳಗೆ ನೀರು, ನೀರಿನ ಕೆಳಗೆ ಕೆಸರು. ಈ ಕೊನೆಯದನ್ನು ನಾನು ಮರೆತುದರಿಂದ ಒದಗಿದ ಒಂದು ಅನರ್ಥವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ದೀಪಾವಳಿಗೆಂದು ಊರಿಗೆ ಹೋಗಿದ್ದೆನು. ಹಬ್ಬದ ಮರುದಿನ ಮಧ್ಯಾಹ್ನ, ಕಬ್ಬು ಹೇರಿದ್ದ ಲಾರಿಯೊಂದು ಎದುರಿಗೆ ಬಂದ ಬಸ್ಸಿಗೆ ದಾರಿ ಬಿಡಲೆಂದು ಅಂಚಿಗೆ ಸರಿದು, ಹಾಗೆಯೇ ಗದ್ದೆಗೆ ಮಗುಚಿಕೊಂಡಿತು. ದೈವವಶದಿಂದ ಯಾರಿಗೂ ಪೆಟ್ಟಾಗಲಿಲ್ಲ. ಸಂಜೆಯ ಹೊತ್ತಿಗೆ ಪೇಟೆಯಿಂದ ಒಂದು ಕ್ರೇನು ಬಂದಿತು. ಅದನ್ನು ನಡೆಸುವವನು ಇಪ್ಪತ್ತೈದು ವರ್ಷದ ಹುಡುಗ. ಕೆಳಗಿಳಿದು ದಾರಿಯ ಅಂಚನ್ನು ಹಿಮ್ಮಡಿಯಿಂದ ಎರಡು ಸಲ ಒದ್ದು, ಹತ್ತಿರ ನಿಂತಿದ್ದ ನನ್ನನ್ನು ಕೇಳಿದನು: "ಸಾರ್, ಇಲ್ಲಿ ನೆಲ ಗಟ್ಟಿ ಇದ್ಯಾ?"

ನಾನು ತಡವಿಲ್ಲದೆ ಹೇಳಿದೆನು: "ಗಟ್ಟಿ ಇದೆಯಪ್ಪಾ. ನಾನು ಇದೇ ದಾರೀಲಿ ಸ್ಕೂಲಿಗೆ ನಡೆದವನು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಊರು ಬಿಟ್ಟು ಮೂವತ್ತು ವರ್ಷವಾದವನಿಗೆ, ಊರನ್ನು ಬಲ್ಲೆನೆಂದು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವ ಚಪಲವೊಂದೇ ಇದ್ದಿತು.

ಈ ಯಂತ್ರದ ಮರ್ಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದು ನಮ್ಮ ಸನ್ನೆಗೋಲಿನ ಮೊಮ್ಮಗ. ೫ ಟನ್ನಿನ ಭಾರವನ್ನು ೩ ಮೀಟರು ದೂರದಲ್ಲಿ ಎತ್ತುವುದಕ್ಕೂ ೬ ಮೀಟರು ದೂರದಲ್ಲಿ ಎತ್ತುವುದಕ್ಕೂ ಅಜಗಜಾಂತರ. ಭಾರ ಅಷ್ಟೇ ಇದ್ದರೂ, ಕ್ರೇನನ್ನು ಉರುಳಿಸಲು ಎಳೆಯುವ ಬಲ ಇಮ್ಮಡಿಯಾಗುತ್ತದೆ. ಅದನ್ನು ತಡೆಯುವುದಕ್ಕಾಗಿಯೇ ಕೆಲಸಗಾರರು 'ಜಾಕಿ' ಎನ್ನುವ ಆಸರೆಗಾಲುಗಳನ್ನು ಪಕ್ಕಗಳಿಗೆ ಚಾಚಿ ನೆಲಕ್ಕೆ ಊರುತ್ತಾರೆ. ಆಗ ಹೊರೆಯೆಲ್ಲ ಆ ಕಾಲುಗಳ ಪಾದಕ್ಕೆ ಬರುತ್ತದೆ. ಅರ್ಧ ಮೀಟರು ಉದ್ದ, ಅರ್ಧ ಮೀಟರು ಅಗಲದ ಪಾದದ ಮೇಲೆ ೨೦ ಟನ್ನು ಬಿದ್ದರೆ, ಚದರ ಮೀಟರಿಗೆ ೮೦ ಟನ್ನಿನ ಒತ್ತಡವಾಯಿತು. ಅದೇ ಪಾದದ ಕೆಳಗೆ ಒಂದು ಮೀಟರಿನ ಚೌಕವಾಗುವಂತೆ ದಪ್ಪ ದಿಮ್ಮಿಗಳನ್ನು ಜೋಡಿಸಿದರೆ ಒತ್ತಡವು ೨೦ಕ್ಕೆ ಇಳಿಯುತ್ತದೆ. ನೆನೆದ ಗದ್ದೆಯಂಚು ಮೊದಲನೆಯದನ್ನು ತಾಳಲಾರದು. ಎರಡನೆಯದನ್ನೂ ಪರೀಕ್ಷಿಸಿಯೇ ನಂಬಬೇಕು.

ಹುಡುಗನ ಬಳಿ ದಿಮ್ಮಿಗಳಿದ್ದುವು. ಆದರೆ ನನ್ನ ಮಾತು ಅವನಿಗೆ ಸಾಕಾಯಿತು. ಕತ್ತಲಾಗುತ್ತಿದ್ದಿತು, ಕಬ್ಬನ್ನೂ ಅರ್ಧ ಮಾತ್ರ ಇಳಿಸಿದ್ದರು, ಎಲ್ಲರಿಗೂ ಅವಸರ. ತೋಳು ಗದ್ದೆಯ ಮೇಲೆ ಚಾಚಿತು. ಉಕ್ಕಿನ ಹಗ್ಗ ಬಿಗಿಯಿತು. ಲಾರಿಯನ್ನು ಹಿಡಿದಿದ್ದ ಕೆಸರು ಒಮ್ಮೆಲೆ ಬಿಟ್ಟುಕೊಟ್ಟಿತು. ಆ ಅಲುಗಾಟಕ್ಕೆ ಕ್ರೇನಿನ ಒಂದು ಪಾದ ನೆಲದೊಳಕ್ಕೆ ಇಳಿಯಿತು. ಕ್ರೇನು ನಿಧಾನವಾಗಿ, ದಣಿದ ಆನೆ ಮಲಗುವಂತೆ, ಪಕ್ಕಕ್ಕೆ ಒರಗಿ ಗದ್ದೆಯಲ್ಲಿ ಬಿದ್ದಿತು. ಹುಡುಗನು ಹೊರಕ್ಕೆ ಹಾರದೆ ಪೀಠವನ್ನೇ ಬಿಗಿಯಾಗಿ ಹಿಡಿದು ಕುಳಿತುದರಿಂದ ಬದುಕಿದನು. ಹಾರಿದ್ದರೆ ಯಂತ್ರದ ಕೆಳಗೇ ಸಿಕ್ಕುತ್ತಿದ್ದನು. ಅವನ ಮಣಿಕಟ್ಟು ಮುರಿದಿದ್ದಿತು. ಹೊರಗೆ ತಂದಾಗ ಅವನು ನನ್ನ ಕಡೆ ಒಮ್ಮೆ ನೋಡಿದನು. ಏನನ್ನೂ ಹೇಳಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ೨೦೧೮ನೆಯ ಇಸವಿ ನವೆಂಬರು ೨೪ರಂದು ಪಾಂಡವಪುರದ ಸೀಮೆಯ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ೩೦ ಜನ ಮಡಿದುದು ನೆನಪಿಗೆ ಬಂದಿತು. ಅಂತಹ ಸ್ಥಳಕ್ಕೆ ಕ್ರೇನು ಬರುವುದನ್ನು ಕಂಡಾಗ ಜನರಿಗೆ ಒಂದು ಧೈರ್ಯ. ಇನ್ನು ಕೆಲಸವಾದಂತೆಯೇ ಎಂದುಕೊಳ್ಳುತ್ತಾರೆ. ಅದೂ ಬೀಳಬಹುದೆಂದು ಯಾರಿಗೂ ತೋರುವುದಿಲ್ಲ. ೨೦೧೫ರ ಸೆಪ್ಟೆಂಬರು ೧೧ರಂದು ಮೆಕ್ಕಾ ನಗರದ ಮಹಾಮಸೀದಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಕ್ರೇನೊಂದು ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ೨೦೨೩ರ ಜನವರಿಯಲ್ಲಿ, ತಮಿಳುನಾಡಿನ ಅರಕ್ಕೋಣದ ಬಳಿಯ ಹಳ್ಳಿಯೊಂದರ ಜಾತ್ರೆಯಲ್ಲಿ, ದೇವರ ಹಾರಕ್ಕಾಗಿ ಜನರನ್ನು ಮೇಲಕ್ಕೆತ್ತಿದ್ದ ಕ್ರೇನು ಮಗುಚಿ ಪ್ರಾಣಗಳು ಹೋದುವು. ನಮ್ಮ ಕಡೆಯಲ್ಲಿಯೂ ಮುಖಂಡರನ್ನು ಎದುರುಗೊಳ್ಳಲು ಸೇಬಿನ ಹಾರವನ್ನು ಕ್ರೇನಿಗೆ ತೂಗುಹಾಕುತ್ತಾರೆ. ಅದರ ಪಾದ ಎಲ್ಲಿ ಊರಿದೆಯೆಂದು ಯಾರು ನೋಡುತ್ತಾರೆ? ಅಂದಿನವರೆಗೆ ನಾನೂ ನೋಡಿದವನಲ್ಲ.

ಬೆಳಗ್ಗೆ ಮೈಸೂರಿನಿಂದ ಎರಡು ದೊಡ್ಡ ಕ್ರೇನುಗಳೂ ಅವುಗಳೊಡನೆ ಒಬ್ಬ ಹಿರಿಯ ಮೇಸ್ತ್ರಿಯೂ ಬಂದರು. ಆತನು ಎರಡು ಗಂಟೆಯ ಕಾಲ ಯಾವ ಯಂತ್ರವನ್ನೂ ಮುಟ್ಟಗೊಡಲಿಲ್ಲ. ಮೊದಲು ಬ್ಯಾಟರಿಯ ತಂತಿ ಬಿಚ್ಚಿಸಿದನು. ಡೀಸೆಲ್ಲು ಗದ್ದೆಗೆ ಹರಿಯದಂತೆ ಪೀಪಾಯಿಗೆ ಇಳಿಸಿದನು. ನೀರುಗಂಟಿಯನ್ನು ಕರೆಸಿ ಗದ್ದೆಗೆ ಬರುವ ನೀರನ್ನು ಕಟ್ಟಿಸಿದನು. ಆಮೇಲೆ ಒಂದು ಹಾರೆಯನ್ನು ಹಿಡಿದು ದಾರಿಯ ಅಂಚಿನುದ್ದಕ್ಕೂ ಮಾರು ಮಾರಿಗೆ ಚುಚ್ಚುತ್ತ ನಡೆದನು. ಗದ್ದೆಯ ಯಜಮಾನರು, ಎಂಬತ್ತು ದಾಟಿದ ವೃದ್ಧರು, ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಕಡೆಗೆ ಕೂಗಿ ಹೇಳಿದರು: "ಅಲ್ಲಿ ಹಳೇ ಕಾಲ್ವೆ ಐತೆ ಕಣಪ್ಪ. ರಸ್ತೆ ಅಗಲ ಮಾಡ್ದಾಗ ಮೇಲೆ ಮಣ್ಣು ಸುರುದ್ರು. ಇನ್ನೂ ಹತ್ತು ಮಾರು ಆಚೆ ಹೋಗು, ಅಲ್ಲಿ ಜಂಬಿಟ್ಟಿಗೆ ಐತೆ."

ಮೇಸ್ತ್ರಿ ಹಾರೆಯಿಂದ ನೋಡಿದನು. ಅವರ ಮಾತು ನಿಜವಾಗಿದ್ದಿತು. ಅಲ್ಲಿಯೇ ದಿಮ್ಮಿಗಳನ್ನು ಹಾಸಿಸಿ ಎರಡು ಕ್ರೇನುಗಳನ್ನೂ ನಿಲ್ಲಿಸಿದನು. ಹಗ್ಗ ಕಟ್ಟುವ ಮೊದಲು ಅಜ್ಜನವರು ಇನ್ನೊಂದು ಮಾತು ಸೇರಿಸಿದರು: "ಕೆಸರಿಗೆ ಉಸ್ರು ಕೊಡ್ರಪ್ಪ ಮೊದ್ಲು. ಗಾಡಿ ಹೂತ್ರೆ ನಾವು ಹಂಗೇ ಮಾಡ್ತಿದ್ದಿದ್ದು." ಬಿದ್ದ ಯಂತ್ರದ ಕೆಳಗೆ ಗುದ್ದಲಿಯಿಂದ ಓಣಿ ತೋಡಿದರೆ ಗಾಳಿ ಒಳಗೆ ನುಗ್ಗಿ ಕೆಸರಿನ ಹಿಡಿತ ಸಡಿಲುತ್ತದೆ. ಇಲ್ಲದಿದ್ದರೆ ಯಂತ್ರದ ಭಾರದ ಮೇಲೆ ಕೆಸರಿನ ಹಿಡಿತವನ್ನೂ ಎಳೆಯಬೇಕಾಗುತ್ತದೆ. ಮೇಸ್ತ್ರಿ ನಕ್ಕು, "ಅದೇ ಸರಿ ಯಜಮಾನ್ರೆ," ಎಂದು ನಾಲ್ವರನ್ನು ತೋಡಲು ಹಚ್ಚಿದನು.

ಮುಂದಿನ ಕೆಲಸದಲ್ಲಿ ನನಗೆ ಆಶ್ಚರ್ಯವೆನಿಸಿದುದು ಒಂದು. ಎರಡರಲ್ಲಿ ಒಂದು ಕ್ರೇನು ಮಾತ್ರ ಎತ್ತುತ್ತಿದ್ದಿತು. ಇನ್ನೊಂದು ಆಚೆಯ ಕಡೆಯಿಂದ ಹಗ್ಗ ಹಿಡಿದು ತಡೆಯುತ್ತಿದ್ದಿತು. ಬಿದ್ದುದು ಏಳುತ್ತ ಏಳುತ್ತ ಒಂದು ಘಟ್ಟದಲ್ಲಿ ತನ್ನ ತೂಕಕ್ಕೆ ತಾನೇ ಆಚೆಗೆ ವಾಲುತ್ತದೆ. ಆಗ ತಡೆಯುವವರಿಲ್ಲದಿದ್ದರೆ ಇನ್ನೊಂದು ಪಕ್ಕಕ್ಕೆ ಅಪ್ಪಳಿಸುವುದು. ಏಳಿಸುವ ಹಗ್ಗದಷ್ಟೇ ತಡೆಯುವ ಹಗ್ಗವೂ ಮುಖ್ಯವೆಂದು ಆಗ ಕಂಡೆನು. ಮಧ್ಯಾಹ್ನದ ವೇಳೆಗೆ ಕ್ರೇನು ತನ್ನ ಗಾಲಿಗಳ ಮೇಲೆ ನಿಂತಿತು.

ಮೇಸ್ತ್ರಿಯು ಚಹಾ ಕುಡಿಯುತ್ತಿದ್ದಾಗ ಹತ್ತಿರ ಹೋಗಿ, ಹುಡುಗನಿಗೆ ನೆಲ ಗಟ್ಟಿಯೆಂದು ಹೇಳಿದವನು ನಾನೇ ಎಂದು ಒಪ್ಪಿಕೊಂಡೆನು. ಆತನು ಗದರಿಸಲಿಲ್ಲ. "ನಿಮ್ಮನ್ನ ಕೇಳಿದ್ದು ಅವನ ತಪ್ಪಲ್ಲ ಸ್ವಾಮಿ, ಹಾರೆ ಹಾಕಿ ನೋಡದೇ ಇದ್ದದ್ದು ತಪ್ಪು. ಆದರೆ ನೀವು ಗೊತ್ತಿಲ್ಲ ಅಂದಿದ್ರೆ ಅವನು ಹಾರೆ ಹಾಕ್ತಿದ್ದ," ಎಂದನು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಜರಿದು, ಕೇರಳದ ಚಾಲಕನೊಬ್ಬನು ಲಾರಿಯೊಡನೆ ಗಂಗಾವಳಿ ಹೊಳೆಯ ಪಾಲಾದನು. ಗೋವೆಯಿಂದ ಹೂಳೆತ್ತುವ ಹಡಗು ಬಂದು, ಸೆಪ್ಟೆಂಬರು ೨೫ರಂದು ಲಾರಿಯನ್ನೂ ಅವನ ದೇಹವನ್ನೂ ಹೊರತೆಗೆದರು. ಎಪ್ಪತ್ತು ದಿನಕ್ಕೂ ಮೇಲೆ ಜನ ಏಕೆ ಹೀಗೆ ತಡವಾಯಿತೆಂದು ಬೇಸರಪಟ್ಟರು. ಕಾದ ಮನೆಯವರ ಸಂಕಟ ಅಳತೆಗೆ ಮೀರಿದ್ದು. ಆದರೂ ಪತ್ರಿಕೆಯಲ್ಲಿ ಅದನ್ನು ಓದುವಾಗಲೆಲ್ಲ ನನಗೆ, ಹಾರೆ ಹಿಡಿದು ಅಂಚಿನುದ್ದಕ್ಕೂ ನಡೆದ ಆ ಮೇಸ್ತ್ರಿಯ ನೆನಪಾಗುತ್ತಿದ್ದಿತು. ಎತ್ತಲು ಹೋದವನೂ ಬಿದ್ದರೆ ಎರಡು ಮನೆಗಳು ಅಳಬೇಕಾಗುತ್ತದೆ.

ಹುಡುಗನ ಕೈ ಮೂರು ತಿಂಗಳಿಗೆ ಸರಿಹೋಯಿತು; ಅಷ್ಟು ದಿನ ಅವನ ಮನೆಯ ಖರ್ಚಿಗೆ ನನ್ನಿಂದಾದುದನ್ನು ಕೊಟ್ಟೆನು. ಅಜ್ಜನವರ ಗದ್ದೆಯಲ್ಲಿ ತುಳಿದುಹೋದ ಭತ್ತಕ್ಕೂ ಕೊಡಹೋದೆನು. ಅವರು ಹಣವನ್ನು ಮುಟ್ಟಲಿಲ್ಲ. "ಮುಂದಿನ ಸಲ ಬಂದಾಗ ಗದ್ದೆಗೆ ಇಳಿದು ನೋಡಪ್ಪ," ಎಂದರು. ಈಗ ಊರಿಗೆ ಹೋದಾಗಲೆಲ್ಲ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಇಳಿಯುತ್ತೇನೆ. ದಾರಿಯಲ್ಲಿ ಯಾರಾದರೂ ನೆಲ ಗಟ್ಟಿಯೇ ಎಂದು ಕೇಳಿದರೆ, ಗೊತ್ತಿಲ್ಲವೆಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ.