ಅಕ್ಕಾ ಪಟ್ಟಣವೂ ಅದರ ಸುತ್ತಣ ಸೀಮೆಯೂ

ಭೂಮಧ್ಯಸಮುದ್ರದ ಪೂರ್ವತೀರದಲ್ಲಿ, ಇಸ್ರೇಲ್ ದೇಶದ ಉತ್ತರಭಾಗದೊಳಗೆ, ಕಡಲಿಗೆ ಚಾಚಿಕೊಂಡಿರುವ ಒಂದು ಸಣ್ಣ ಭೂಶಿರದ ಮೇಲೆ ಅಕ್ಕಾ ಎಂಬ ಪಟ್ಟಣವಿರುವುದು. ಇಂಗ್ಲಿಷರು ಇದನ್ನು ಏಕರ್ ಎನ್ನುವರು. ಯೆಹೂದ್ಯರು ಅಕ್ಕೋ ಎನ್ನುವರು. ಅರಬ್ಬರ ಬಾಯಲ್ಲಿ ಇದು ಅಕ್ಕಾ. ಹೆಸರನ್ನು ಕೇಳಿದೊಡನೆ ನಮ್ಮ ಜೊತೆಯ ಹೆಂಗಸರು ನಕ್ಕು, ಇದೇನು ತವರಿಗೆ ಹೊರಟಂತಾಯಿತಲ್ಲ ಎಂದರು. ನಾವು ಅಲ್ಲಿಗೆ ಹೋದುದು 2022ನೆಯ ಇಸವಿಯ ನವೆಂಬರಿನಲ್ಲಿ. ಎಂದರೆ ಆ ದೇಶದಲ್ಲಿ 2023ರ ಯುದ್ಧವು ತೊಡಗುವುದಕ್ಕೆ ಮುಂಚೆ.

ಊರು ಬಹಳ ಪುರಾತನವಾದುದು. ಶಿಲುಬೆಯ ಯುದ್ಧಗಳೆಂದು ಚರಿತ್ರೆಯಲ್ಲಿ ಓದುವೆವಷ್ಟೆ. ಆ ಕಾಲದಲ್ಲಿ ಇದು ಕ್ರೈಸ್ತಸೇನೆಗಳ ಮುಖ್ಯ ರೇವಾಗಿದ್ದಿತು. 1104ರಲ್ಲಿ ಕ್ರೈಸ್ತರು ಇದನ್ನು ಹಿಡಿದರು; 1187ರಲ್ಲಿ ಸಲಾದಿನನು ಕಿತ್ತುಕೊಂಡನು; 1191ರಲ್ಲಿ ಇಂಗ್ಲೆಂಡಿನ ರಿಚರ್ಡನೇ ಮೊದಲಾದವರು ಮರಳಿ ಪಡೆದರು; 1291ರಲ್ಲಿ ಈಜಿಪ್ಟಿನ ಮಾಮಲೂಕ ಸುಲ್ತಾನನು ಕೊನೆಯದಾಗಿ ಗೆದ್ದು ಊರನ್ನು ಕೆಡವಿಸಿದನು. ಕೆಡವಿದ ಊರಿನ ಮೇಲೆಯೇ ತುರ್ಕರ ಕಾಲದಲ್ಲಿ ಹೊಸ ಊರನ್ನು ಕಟ್ಟಿದರಾದುದರಿಂದ, ಈಗ ಅಲ್ಲಿ ಒಂದರ ಅಡಿಯಲ್ಲೊಂದು ಎರಡು ಪಟ್ಟಣಗಳುಂಟು. ಮೇಲೆ ಅಂಗಡಿಬೀದಿ, ಮೀನಿನ ಮಾರಾಟ, ಒಣಗಹಾಕಿದ ಬಟ್ಟೆ. ಮೆಟ್ಟಿಲಿಳಿದರೆ ಹಾಸ್ಪಿಟಲರರೆಂಬ ಕ್ರೈಸ್ತವೀರರ ವಿಶಾಲವಾದ ಕಮಾನುಶಾಲೆಗಳು. ಟೆಂಪ್ಲರರೆಂಬವರು ಕೋಟೆಯಿಂದ ರೇವಿಗೆ ತೋಡಿದ ಸುಮಾರು 150 ಮೀಟರುಗಳ ಸುರಂಗವೊಂದು 1994ರಲ್ಲಿ ಬೆಳಕಿಗೆ ಬಂದಿತು. ಅದು ಹೇಗೆಂದರೆ, ಮೇಲಿನ ಮನೆಯೊಂದರ ಬಚ್ಚಲ ನೀರು ಹರಿಯದೆ ಕಟ್ಟಿಕೊಂಡಿತೆಂದು ಆ ಮನೆಯಾಕೆ ದೂರಿದಳು. ಅಗೆದು ನೋಡಿದರೆ ಏಳುನೂರು ವರ್ಷಗಳ ಹಿಂದಿನ ದಾರಿ! ಪಂಡಿತರಿಗೆ ಕಾಣದುದು ಗೃಹಿಣಿಯ ಬಚ್ಚಲಿನಿಂದ ಕಂಡಿತೆಂಬುದು ನಮಗೆ ಬಹಳ ಹಿಡಿಸಿತು. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಹಳೆಯ ಪಟ್ಟಣವನ್ನು ಲೋಕದ ಪರಂಪರೆಯ ಸ್ಥಾನಗಳಲ್ಲಿ ಸೇರಿಸಿತು.

ಆದರೆ ನಾವು ಅಷ್ಟು ದೂರ ಹೋದುದು ಈ ಶಾಲೆಗಳಿಗಾಗಿ ಅಲ್ಲ, ಕೋಟೆಯ ಗೋಡೆಗಾಗಿ. ಅದರ ಕಾರಣವು ಮೈಸೂರು ಸೀಮೆಯವರಿಗೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು.

ಫ್ರೆಂಚರ ನೆಪೋಲಿಯನನು 1798ರಲ್ಲಿ ಈಜಿಪ್ಟನ್ನು ಹಿಡಿದನು. 1799ರ ಜನವರಿಯಲ್ಲಿ ಅವನು ಕೈರೋ ನಗರದಿಂದ ನಮ್ಮ ಟಿಪ್ಪೂ ಸುಲ್ತಾನನಿಗೆ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸುವ ಇಚ್ಛೆಯುಂಟೆಂಬ ಅರ್ಥದ ಕಾಗದವೊಂದನ್ನು ಬರೆದನು. ಕಾಗದವು ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು, ಟಿಪ್ಪೂವಿಗೆ ಮುಟ್ಟಲಿಲ್ಲ. ತರುವಾಯ ನೆಪೋಲಿಯನನು ಉತ್ತರಕ್ಕೆ ನಡೆದು ಮಾರ್ಚಿ ತಿಂಗಳಲ್ಲಿ ಅಕ್ಕಾವನ್ನು ಮುತ್ತಿದನು. ಆಗ ಅಲ್ಲಿ ತುರ್ಕರ ಪರವಾಗಿ ಆಳುತ್ತಿದ್ದವನು ಅಹಮದ್ ಪಾಷಾ. ಜಜ್ಜಾರ್, ಎಂದರೆ ಕಟುಕನು, ಎಂಬುದು ಅವನಿಗೆ ಜನರಿಟ್ಟ ಹೆಸರು. ಹೆಸರಿಗೆ ತಕ್ಕ ಕ್ರೂರನೇ. ಆದರೂ 1781ರಲ್ಲಿ ಅವನು ಕಟ್ಟಿಸಿದ ಹಸುರು ಗುಮ್ಮಟದ ಮಸೀದಿಯಷ್ಟು ಶಾಂತವಾದ ಅಂಗಳವನ್ನು ನಾವು ಆ ಊರಿನಲ್ಲಿ ಬೇರೊಂದನ್ನು ಕಾಣಲಿಲ್ಲ. ಅವನ ಗೋರಿಯೂ ಅಲ್ಲಿಯೇ ಇದೆ.

ಫ್ರೆಂಚರ ದೊಡ್ಡ ಫಿರಂಗಿಗಳು ಹಡಗುಗಳಲ್ಲಿ ಬರುತ್ತಿದ್ದುವು. ಅವುಗಳನ್ನು ಇಂಗ್ಲಿಷ್ ನೌಕಾಧಿಪತಿ ಸಿಡ್ನಿ ಸ್ಮಿತ್ತನು ಕಡಲಿನಲ್ಲಿಯೇ ಹಿಡಿದು, ಅವೇ ಫಿರಂಗಿಗಳನ್ನು ಕೋಟೆಯ ರಕ್ಷಣೆಗೆ ಉಪಯೋಗಿಸಿದನು. ಒಳಗೆ ಗೋಡೆಯನ್ನು ಭದ್ರಪಡಿಸಿದವನಾದರೋ ಫೆಲಿಪೋ ಎಂಬ ಫ್ರೆಂಚನೇ, ನೆಪೋಲಿಯನನೊಡನೆ ಪ್ಯಾರಿಸಿನ ಸೈನಿಕಶಾಲೆಯಲ್ಲಿ ಓದಿದವನು! ಉಪಾಧ್ಯಾಯ ವೃತ್ತಿಯಲ್ಲಿ ಆಯುಸ್ಸನ್ನು ಕಳೆದ ನಮಗೆ ಈ ಸಂಗತಿಯು ಬೇರೆಲ್ಲಕ್ಕಿಂತಲೂ ವಿಚಿತ್ರವಾಗಿ ತೋರಿತು. ಪಾಪ, ಮುತ್ತಿಗೆ ಮುಗಿಯುವುದರೊಳಗೆ ಅವನು ತೀರಿಕೊಂಡನು. ಹೊರಗೆ ಫ್ರೆಂಚರ ದಂಡಿನಲ್ಲಿ ಪ್ಲೇಗು ಹರಡಿತು. ಮೇ 8ರಂದು ಅವರು ಗೋಡೆಯನ್ನು ಒಡೆದು ಒಳನುಗ್ಗಿದರು. ನೋಡಿದರೆ ಒಳಗೆ ಇನ್ನೊಂದು ಹೊಸ ಅಡ್ಡಗಟ್ಟು! ಹಿಂದಕ್ಕೆ ಬರಬೇಕಾಯಿತು. ಮೇ 20ರಂದು ನೆಪೋಲಿಯನನು ಮುತ್ತಿಗೆಯನ್ನು ತೆಗೆದು ಈಜಿಪ್ಟಿಗೆ ತಿರುಗಿದನು.

ಈ ತೇದಿಗಳನ್ನು ಓದುಗರು ಮತ್ತೊಮ್ಮೆ ನೋಡಬೇಕು. ಶ್ರೀರಂಗಪಟ್ಟಣದ ಗೋಡೆಯು ಒಡೆದು ಟಿಪ್ಪೂ ಸುಲ್ತಾನನು ಮಡಿದುದು ಅದೇ 1799ರ ಮೇ 4ರಂದು. ಇಲ್ಲಿ ಇಂಗ್ಲಿಷರು ಕೋಟೆಯ ಹೊರಗೆ. ಅಲ್ಲಿ ಇಂಗ್ಲಿಷರು ಕೋಟೆಯ ಒಳಗೆ. ಯಾರ ಸಹಾಯವನ್ನು ಟಿಪ್ಪೂ ಬಯಸಿದನೋ ಅವನು ಆ ದಿನ ಸಾವಿರಾರು ಮೈಲಿಗಳಾಚೆ ಈ ಬಿಸಿಲಿನಲ್ಲಿ, ಈ ಗೋಡೆಯ ಮುಂದೆ, ತಾನೇ ಸಿಕ್ಕಿಕೊಂಡು ನಿಂತಿದ್ದನು. ಶ್ರೀರಂಗಪಟ್ಟಣದಲ್ಲಿ ಗೋಡೆ ಒಡೆದ ಜಾಗವನ್ನು ನಾವು ಎಷ್ಟೋ ಸಲ ಹುಡುಗರಿಗೆ ತೋರಿಸಿ ಪಾಠ ಹೇಳಿದ್ದೆವು. ಅದರ ಇನ್ನೊಂದು ಅರ್ಧವು ಈ ಊರಿನಲ್ಲಿತ್ತು. ಈಗ ಪ್ರವಾಸಿಗಳು ನಡೆದಾಡುವ ದಪ್ಪನಾದ ಗೋಡೆಯನ್ನು ಜಜ್ಜಾರನು ಮುತ್ತಿಗೆಯ ತರುವಾಯ ಕಟ್ಟಿಸತೊಡಗಿದನು. ನೆಪೋಲಿಯನನನ್ನು ತಡೆದುದು ಅದಕ್ಕೂ ಹಿಂದೆ ದಾಹಿರ್ ಎಂಬ ಅರಬ್ಬಿ ನಾಯಕನು ಕಟ್ಟಿಸಿದ್ದ ತೆಳುವಾದ ಗೋಡೆ. ಅದರ ಒಂದೆರಡು ತುಂಡುಗಳು ಉಳಿದಿವೆ. ನಾವು ಅವುಗಳ ಬಳಿಯಲ್ಲಿಯೇ ಹೆಚ್ಚು ಹೊತ್ತು ನಿಂತೆವು.

ಊಟದ ವಿಷಯವನ್ನು ಬಿಟ್ಟರೆ ಮನೆಯವರು ಒಪ್ಪರು. ಕಡಲೆಯನ್ನು ಬೇಯಿಸಿ ಅರೆದು, ಎಳ್ಳಿನ ಗಟ್ಟಿರಸ, ನಿಂಬೆಹುಳಿ, ಬೆಳ್ಳುಳ್ಳಿ ಬೆರಸಿ ಮಾಡುವ ಹುಮ್ಮುಸ್ ಎಂಬುದು ಅಲ್ಲಿ ಪ್ರಸಿದ್ಧ. ಬೆಳ್ಳುಳ್ಳಿಯನ್ನು ಬಿಡಿರೆಂದರೆ ಅಂಗಡಿಯವನು ನಮ್ಮನ್ನು ರೋಗಿಗಳೆಂದು ತಿಳಿದನು.

ಪಟ್ಟಣದ ತೆಂಕಣಕ್ಕೆ ನಅಮಾನ್ ಎಂಬ ಸಣ್ಣ ಹೊಳೆಯು ಕಡಲನ್ನು ಸೇರುವುದು. ಪೂರ್ವದಲ್ಲಿ ಇದಕ್ಕೆ ಬೇಲಸ್ ಎಂದು ಹೆಸರು. ಸವಳುಪ್ಪಿನ ವರ್ತಕರು ಈ ಮರಳಿನ ಮೇಲೆ ಉಪ್ಪಿನ ಗಟ್ಟಿಗಳನ್ನೇ ಒಲೆಗುಂಡುಗಳಾಗಿಟ್ಟು ಅಡಿಗೆ ಮಾಡಲು, ಮರಳೂ ಉಪ್ಪೂ ಕರಗಿ ಗಾಜಾಯಿತೆಂದು ರೋಮಿನ ಪ್ಲಿನಿಯು ಬರೆದಿರುವನು. ಅಡಿಗೆಯ ಬೆಂಕಿಗೆ ಅಷ್ಟು ಕಾವಿಲ್ಲ, ಕಥೆಯನ್ನು ನಂಬಬೇಕಾಗಿಲ್ಲ. ಆದರೆ ಈ ಮರಳಿನಿಂದ ಪ್ರಾಚೀನರು ಗಾಜನ್ನು ಮಾಡುತ್ತಿದ್ದುದು ನಿಜ. ಬಡಗಣಕ್ಕೆ ಬಹಜೀ ಎಂಬಲ್ಲಿ ಬಹಾಯಿ ಮತದ ಸ್ಥಾಪಕನಾದ ಬಹಾವುಲ್ಲಾನ ಸಮಾಧಿಯೂ ಅಂದವಾದ ತೋಟವೂ ಇವೆ. ಅವನು 1868ರಲ್ಲಿ ಸೆರೆಯಾಳಾಗಿ ಅಕ್ಕಾಕ್ಕೆ ಬಂದು 1892ರಲ್ಲಿ ತೀರಿಕೊಂಡನು.

ಕೊಲ್ಲಿಯ ಆಚೆಯ ದಡದಲ್ಲಿ ಕಾರ್ಮೆಲ್ ಬೆಟ್ಟ, ಅದರ ತಪ್ಪಲಿನಲ್ಲಿ ಹೈಫಾ ನಗರ. ಕೋಟೆಯ ಮೇಲೆ ನಿಂತರೆ ಎರಡೂ ಸ್ಪಷ್ಟವಾಗಿ ಕಾಣುವುವು. ಮರುದಿನ ನಾವು ಅಲ್ಲಿಗೆ ಹೋದೆವು. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದಾಗ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರರೂ ಜೋಧಪುರದ ಲ್ಯಾನ್ಸರರೂ ಈ ಊರನ್ನು ತುರ್ಕರಿಂದ ಗೆದ್ದರು. ಒಂದು ಕಡೆ ಕಿಶೋನ್ ಹೊಳೆಯ ಕೆಸರು, ಒಂದು ಕಡೆ ಬೆಟ್ಟ; ಬೆಟ್ಟದ ಮೇಲೆ ಫಿರಂಗಿಗಳು. ಮೈಸೂರಿನ ಸವಾರರ ತುಕಡಿಯೊಂದು ಆ ಕಡಿದಾದ ಏರನ್ನು ಹತ್ತಿ ಫಿರಂಗಿಗಳನ್ನು ಹಿಡಿಯಿತು. ಕೆಳಗೆ ಜೋಧಪುರದವರು ಕುದುರೆಗಳನ್ನು ನಾಗಾಲೋಟದಲ್ಲಿ ಬಿಟ್ಟು ಊರೊಳಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತಸಿಂಹನು ಮಡಿದನು. ಸೆರೆಸಿಕ್ಕ ಶತ್ರುಗಳು 1300ಕ್ಕೆ ಮೇಲ್ಪಟ್ಟವರು. ನಮ್ಮವರಲ್ಲಿ ಸತ್ತವರು ಎಂಟು ಮಂದಿ. ಕುದುರೆಗಳು ಅದಕ್ಕಿಂತ ಬಹಳ ಹೆಚ್ಚು.

ಬೆಟ್ಟದ ಆ ಮಗ್ಗುಲಿನಲ್ಲಿ ಈಗ ಮನೆಗಳು ತುಂಬಿವೆ. ಬಸ್ಸು ಕೂಡ ಏದುತ್ತ ಏರಬೇಕು. ಬಯಲುಸೀಮೆಯ ಹುಡುಗರು ಆ ಕಲ್ಲಿನ ಮೇಲೆ ಕುದುರೆಗಳನ್ನು ಹೇಗೆ ಹತ್ತಿಸಿದರೋ! ಊರಿನಲ್ಲಿ ಹಿಂದೂಸ್ಥಾನದ ಸೈನಿಕರ ಸ್ಮಶಾನಭೂಮಿಯೊಂದಿದೆ; ಚೊಕ್ಕಟವಾಗಿ ಇಟ್ಟಿರುವರು. ಇದೇ ಲ್ಯಾನ್ಸರರ ಸ್ಮಾರಕವು ಬೆಂಗಳೂರಿನಲ್ಲಿ, ಜಯಚಾಮರಾಜೇಂದ್ರ ನಗರದಲ್ಲಿಯೂ ಉಂಟು. ಅಲ್ಲಿಗೆ ಹೋಗಲು ಹಡಗೂ ಬೇಡ, ವಿಮಾನವೂ ಬೇಡ.